ತುಂಬದ ಗುಂಡಿ

ಕೇಳುಗರಿಗೆ ನಮಸ್ಕಾರ.

ಉಡುಪಿಯ ನಮ್ಮ ಮನೆಯ ಹಿಂಬದಿಗೆ ಇನ್ನೊಂದು ಕೋಣೆ, ಅದಕ್ಕೊಂದು ಬಾತ್‌ರೂಮ್ ಸೇರಿಸೋಣ ಅಂತ ಹೊರಟೆವು. ಮಗನಿಗೆ ಮದುವೆ ನಿಶ್ಚಯ ಆಗಿತ್ತು. ಕಿಟಕಿ ಎಲ್ಲಿ, ಟೈಲ್ಸ್ ಯಾವುದು, ಎಲ್ಲ ಮಾತಾಯಿತು. ಸೆಪ್ಟಿಕ್ ಟ್ಯಾಂಕಿನ ವಿಷಯ ಬಂದಾಗ ನಾನೇ ಹೇಳಿದೆ, "ಅದು ಗಟ್ಟಿ ಇದೆ. 25 ವರ್ಷದಲ್ಲಿ ಒಂದು ಸಲವೂ ತುಂಬಿಲ್ಲ."

ಮೇಸ್ತ್ರಿ ನನ್ನ ಮುಖ ನೋಡಿದರು. "ತುಂಬಲೇ ಇಲ್ವಾ ಅಕ್ಕಾ? ಹಾಗಾದ್ರೆ ಒಮ್ಮೆ ಚಪ್ಪಡಿ ತೆಗೆದು ನೋಡುವ."

ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟರು. ಒಳಗೆ ಯಾರೂ ಇಳಿಯಲಿಲ್ಲ. ಇಳಿಯಲೇಬಾರದು, ಆ ವಿಷಗಾಳಿ ನಿಮಿಷಗಳಲ್ಲೇ ಜೀವ ತೆಗೆಯಬಲ್ಲದು. ಮೇಲಿನಿಂದಲೇ ಉದ್ದದ ಬಿದಿರಿನ ಗಳ ಇಳಿಸಿದರು. ತುದಿ ಕಾಂಕ್ರೀಟಿಗೆ ತಾಗಿ ಟಕ್ ಅನ್ನಬೇಕಿತ್ತು. ಅದು ಮೆತ್ತಗೆ ಹೂತುಹೋಯಿತು. ಎತ್ತಿ ನೋಡಿದರೆ ಕಪ್ಪು ರಾಡಿಯ ಕೆಳಗೆ, ತುದಿಯಲ್ಲಿ ಬಿಳಿ ಶೇಡಿ, ಅಂದರೆ ಜೇಡಿಮಣ್ಣು. ನಮ್ಮ ಟ್ಯಾಂಕಿಗೆ ತಳವೇ ಇರಲಿಲ್ಲ. ಸುತ್ತ ಕೆಂಪು ಕಲ್ಲು ಕಟ್ಟಿ ಮೇಲೆ ಚಪ್ಪಡಿ ಮುಚ್ಚಿದ ಗುಂಡಿ, ಅಷ್ಟೇ.

ನಮ್ಮ ಕಡೆಯ ನೆಲ ನಿಮಗೆ ಗೊತ್ತಲ್ಲ. ಮೇಲೆ ಮುರಕಲ್ಲು, ಅದೇ ಕೆಂಪು ಕಲ್ಲು. ಅಡಿಯಲ್ಲಿ ಶೇಡಿ. ಮುರಕಲ್ಲಿನ ತುಂಬ ತೂತು, ನೀರು ಸರಸರ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಆಗ ಅಡ್ಡಕ್ಕೆ ಹರಿಯುತ್ತದೆ. ಅಡ್ಡಕ್ಕೆ ಇರುವುದು ಬಾವಿ. ಗುಂಡಿ ತುಂಬಲಿಲ್ಲ ಅಂದರೆ ನೀರು ಎಲ್ಲಿಗೋ ಹೋಗಿದೆ ಅಂತಲೇ ಅರ್ಥ, ಅಲ್ವಾ? ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಗೆ, ಬಾವಿ ನೀರು ಕೈಗೆ ಎಟಕುವಷ್ಟು ಮೇಲೆ ಬರುವಾಗ ಬಾವಿ ನೀರು, ಗುಂಡಿ ನೀರು ಎರಡೂ ಒಂದೇ ಮಟ್ಟಕ್ಕೆ ನಿಂತಿರುತ್ತವೆ. ಪ್ರತಿ ಮಳೆಗಾಲ ನಮ್ಮಲ್ಲಿ ಯಾರಿಗಾದರೂ ಹೊಟ್ಟೆ ಕೆಡುತ್ತಿತ್ತು. ಥಂಡಿ ಹವೆ ಅಂತ ಸುಮ್ಮನಾಗುತ್ತಿದ್ದೆವು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟ್ಯಾಂಕಿನಿಂದ ಹೊರಬರುವ ನೀರನ್ನು ನೆಲಕ್ಕೆ ಇಂಗಿಸುವ ಗುಂಡಿಗೆ ಇಂಗುಗುಂಡಿ ಅನ್ನುತ್ತಾರೆ. ಅದಕ್ಕೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಮನೆಗೆ 6 ಮೀಟರ್ ದೂರ ಇರಬೇಕು ಅಂತ ಭಾರತೀಯ ಮಾನಕ ಐಎಸ್ 2470 ಹೇಳುತ್ತದೆ. ನಮ್ಮದು ಬಾವಿಗೆ 7 ಮೀಟರ್ ಇತ್ತು. ಇನ್ನು ಐದು ಸೆಂಟ್ಸ್‌ನಂಥ ಸಣ್ಣ ಜಾಗ ಇರುವವರ ಪಾಡು ನೋಡಿ. ಐದು ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್. ಚೌಕವಾಗಿದ್ದರೆ ಒಂದು ಬದಿ 14 ಮೀಟರ್ ಮಾತ್ರ. ಅಷ್ಟರಲ್ಲಿ ಮನೆ, ಬಾವಿ, ಗುಂಡಿ ಮೂರೂ ಹೇಗೆ ಹಿಡಿದಾವು? ಆಚೆ ಮನೆಯವರ ಬಾವಿಯನ್ನೂ ಲೆಕ್ಕ ಹಾಕಬೇಕಲ್ಲ.

ಟ್ಯಾಂಕಿನ ಅಳತೆಗೆ ಮನೆಯ ಕೋಣೆ ಎಣಿಸಬೇಡಿ, ತಲೆ ಎಣಿಸಿ. ಐದು ಜನರ ಟ್ಯಾಂಕಿಗೆ ಹತ್ತು ಜನ ಸೇರಿದರೆ ರಾಡಿ ಅಡಿಯಲ್ಲಿ ಕೂರುವ ಮೊದಲೇ ಹೊರಗೆ ಹೋಗುತ್ತದೆ. ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಅವರನ್ನೂ ಸೇರಿಸಿ.

ನೆಲ ನೀರು ಹೀರುತ್ತದಾ ಅಂತ ನೋಡಲು ಒಂದು ಸಣ್ಣ ಗುಂಡಿ ತೋಡಿ, ರಾತ್ರಿಯಿಡೀ ನೀರು ನಿಲ್ಲಿಸಿ, ಮರುದಿನ 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಅಂತ ನೋಡುತ್ತಾರೆ. ಅರ್ಧ ಗಂಟೆಗಿಂತ ಜಾಸ್ತಿ ಆದರೆ ಇಂಗುಗುಂಡಿ ಅಲ್ಲಿಗೆ ಆಗದು. ನಮ್ಮಲ್ಲಿ ನೋಡುನೋಡುತ್ತಲೇ ಇಳಿಯಿತು. ಮಗನಿಗೆ ಖುಷಿ, ನನಗೆ ಹೆದರಿಕೆ.

ಕೊನೆಗೆ ಹಳೆ ಗುಂಡಿಯನ್ನು ವಾಹನ ತರಿಸಿ ಖಾಲಿ ಮಾಡಿಸಿ ಮಣ್ಣು ತುಂಬಿಸಿದೆವು. ರಸ್ತೆ ಬದಿಯ ಮೂಲೆಯಲ್ಲಿ ತಳ ಇರುವ, ಒಳಗೆ ಎರಡು ಭಾಗ ಮಾಡಿದ ಟ್ಯಾಂಕ್ ಕಟ್ಟಿಸಿದೆವು. ಬಚ್ಚಲಿನ ನೀರು ಬೇರೆ ಪೈಪಿನಲ್ಲಿ ತೆಂಗಿನ ಬುಡಕ್ಕೆ. ಆದರೂ ಹೊಸ ಇಂಗುಗುಂಡಿಗೂ ಬಾವಿಗೂ ಸಿಕ್ಕಿದ್ದು 16 ಮೀಟರ್, 18 ಅಲ್ಲ. ಅದಕ್ಕೇ ನೀರು ಕುದಿಸಿಯೇ ಕುಡಿಯುತ್ತೇವೆ.

ಪೈಪ್ ಜೋಡಿಸುವ ಮೊದಲು ಮೇಸ್ತ್ರಿ ಹೊಸ ಟ್ಯಾಂಕಿಗೆ ನೀರು ತುಂಬಿಸಿ, ಗೋಡೆಗೆ ಮಸಿಯಲ್ಲಿ ಒಂದು ಗೆರೆ ಎಳೆದರು. ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಹೋಗಿ ನೋಡುತ್ತಿದ್ದೆ. ಮೂರನೇ ದಿನವೂ ನೀರು ಗೆರೆಯಲ್ಲೇ ಇತ್ತು.