ಪಗಾರ ಚೀಟಿ ಏನು ಹೇಳುತ್ತದೆ?

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಮುಖ್ಯವಾಗಿ ಹತ್ತು, ಇಪ್ಪತ್ತು, ಐವತ್ತು ಜನರನ್ನು ಇಟ್ಟುಕೊಂಡು ಕೆಲಸ ನಡೆಸುವ ಮಾಲಕರಿಗೆ. ಉದ್ಯಮಬಾಗದ ಫೌಂಡ್ರಿ, ಮಚ್ಛೆಯ ಮಷಿನ್ ಶಾಪ್, ಹೊನಗಾದ ಶೆಡ್ಡು, ವಡಗಾವಿಯ ಮಗ್ಗದ ಮನೆ ನಡೆಸುವವರಿಗೆ. ಅಲ್ಲಿ ಹಾಜರಿ, ಪಗಾರ ನೋಡಿಕೊಳ್ಳುವವರಿಗೂ ಸಹ. ದೊಡ್ಡ ಕಂಪನಿಯಲ್ಲಿ ಅವರನ್ನು ಎಚ್‌ಆರ್ ಮ್ಯಾನೇಜರ್ ಅನ್ನುತ್ತಾರೆ. ನಮ್ಮ ಬೆಳಗಾವಿ ಕಡೆ ಬಹಳ ಸಲ ಲೆಕ್ಕ ಬರೆಯುವವರೇ ಎಚ್‌ಆರ್. ಜಿಎಸ್‌ಟಿ ತುಂಬುವವರೂ ಅವರೇ, ಬ್ಯಾಂಕಿಗೆ ಓಡುವವರೂ ಅವರೇ. ಕಾನೂನು ಬದಲಾದಾಗ ಮೊದಲು ಬೈಸಿಕೊಳ್ಳುವವರೂ ಅವರೇ.

ಕಾನೂನು ಬದಲಾಗಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದವು. ವೇತನದ್ದು ಒಂದು, ಕೈಗಾರಿಕಾ ಸಂಬಂಧದ್ದು ಒಂದು, ಸಾಮಾಜಿಕ ಭದ್ರತೆಯದ್ದು ಒಂದು, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ್ದು ಇನ್ನೊಂದು. 29 ಹಳೆಯ ಕೇಂದ್ರ ಕಾಯ್ದೆಗಳು ಈ ನಾಲ್ಕರಲ್ಲಿ ಸೇರಿಹೋಗಿವೆ. ವೇತನ ಸಂಹಿತೆ 2019ರಲ್ಲೇ, ಉಳಿದ ಮೂರು 2020ರಲ್ಲೇ ಸಂಸತ್ತಿನಲ್ಲಿ ಪಾಸಾಗಿದ್ದವು. ಅಷ್ಟು ವರ್ಷ ಬರುತ್ತೆ, ಬರುತ್ತೆ ಅಂತ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿತ್ತು. ಬಂದಾಗ ಅರ್ಧ ಜನ ನಂಬಲೇ ಇಲ್ಲ.

ನಾಲ್ಕನ್ನೂ ಹದಿನೈದು ನಿಮಿಷದಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೆ ಒಂದು ಪಗಾರ ಚೀಟಿಯಿಂದ ಶುರು ಮಾಡುತ್ತೇನೆ. ನಮ್ಮ ಕಡೆಯ ಜಗಳಗಳು ಹುಟ್ಟುವುದು ಎರಡೇ ಕಡೆ: ಏನೂ ಬರೆಯದೆ ಬಿಟ್ಟ ಕಡೆ, ಇಲ್ಲವೇ ಒಂದು ನಡೆದು ಇನ್ನೊಂದು ಬರೆದ ಕಡೆ.

ಒಬ್ಬ ಮಷಿನ್ ಶಾಪ್ ಸೂಪರ್‌ವೈಸರ್ ಇದ್ದಾನೆ ಅಂದುಕೊಳ್ಳಿ. ತಿಂಗಳಿಗೆ 40,000 ರೂಪಾಯಿ. ಅವನ ಚೀಟಿಯಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 16,000, ಮನೆ ಬಾಡಿಗೆ ಭತ್ಯೆ 16,000, ಓಡಾಟದ ಭತ್ಯೆ 8,000. ಬೇಸಿಕ್ ಯಾಕೆ ಇಷ್ಟು ಕಡಿಮೆ? ಎಲ್ಲರಿಗೂ ಗೊತ್ತಿರುವ ಗುಟ್ಟು ಅದು. ಗ್ರಾಚ್ಯುಟಿ (ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲಕರು ಕೊಡುವ ಹಣ), ರಜೆಯ ಹಣ ಎಲ್ಲವೂ ಬೇಸಿಕ್ ಹಿಡಿದುಕೊಂಡೇ ನಡೆಯುತ್ತಿದ್ದವು. ಬೇಸಿಕ್ ಕುಗ್ಗಿಸಿದರೆ ಖರ್ಚೂ ಕುಗ್ಗುತ್ತದೆ.

ಹೊಸ ಸಂಹಿತೆ ಈ ಆಟವನ್ನು ಅರ್ಧಕ್ಕೆ ತಡೆದಿದೆ. ಮನೆ ಬಾಡಿಗೆ, ಓಡಾಟದಂಥ ಕೆಲವು ಬಾಬತ್ತುಗಳನ್ನು ವೇತನದಿಂದ ಹೊರಗೆ ಇಡಬಹುದು. ಆದರೆ ಹೊರಗಿಟ್ಟದ್ದು ಒಟ್ಟು ಮೊತ್ತದ ಶೇಕಡಾ 50 ಮೀರಿದರೆ, ಮೀರಿದಷ್ಟೂ ವಾಪಸ್ ವೇತನಕ್ಕೆ ಸೇರುತ್ತದೆ. ನಮ್ಮ ಸೂಪರ್‌ವೈಸರ್ ಲೆಕ್ಕದಲ್ಲಿ ಹೊರಗಿರುವುದು 24,000. ಮಿತಿ 20,000. ಮೇಲಿನ 4,000 ವೇತನಕ್ಕೆ ಬಂತು. ಕಾನೂನಿನ ಕಣ್ಣಲ್ಲಿ ಅವನ ವೇತನ ಈಗ 16,000 ಅಲ್ಲ, 20,000.

ಇದರಿಂದ ಏನಾಗುತ್ತದೆ? ಗ್ರಾಚ್ಯುಟಿ ನೋಡೋಣ. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ. ಹತ್ತು ವರ್ಷ ದುಡಿದವನಿಗೆ 16,000ದ ಮೇಲೆ ಸುಮಾರು 92,300 ರೂಪಾಯಿ ಬರುತ್ತಿತ್ತು. 20,000ದ ಮೇಲೆ ಸುಮಾರು 1,15,400. ಒಬ್ಬನಿಗೆ 23,000 ರೂಪಾಯಿ ಜಾಸ್ತಿ. ಮೂವತ್ತು ಜನರ ಶಾಪ್ ಇದ್ದರೆ ಗುಣಾಕಾರ ನೀವೇ ಮಾಡಿಕೊಳ್ಳಿ. ಈ ಹಣ ಇವತ್ತೇ ಕೊಡಬೇಕಾಗಿಲ್ಲ, ಸರಿ. ಆದರೆ ಇವತ್ತಿನಿಂದಲೇ ಲೆಕ್ಕದಲ್ಲಿ ತೆಗೆದಿಡಬೇಕು.

ಇನ್ನು ದುಡಿಯುವವರ ಕಡೆಯಿಂದ ಒಂದು ಹೆದರಿಕೆ ಬಂದಿದೆ. ಬೇಸಿಕ್ ಏರಿದರೆ ಪಿಎಫ್, ಅಂದರೆ ಭವಿಷ್ಯ ನಿಧಿಗೆ, ಜಾಸ್ತಿ ಕಡಿದು ಕೈಗೆ ಬರುವುದು ಕಡಿಮೆಯಾಗುತ್ತೆ ಅಂತ. ಪಿಎಫ್ ಕಡ್ಡಾಯವಾಗಿರುವುದು 15,000 ರೂಪಾಯಿ ವೇತನದ ಮಿತಿಯವರೆಗೆ. ಶೇಕಡಾ 12ರಂತೆ 1,800 ರೂಪಾಯಿ. ಈಗಾಗಲೇ ಆ ಮಿತಿಯ ಮೇಲೆ 1,800 ಕಟ್ಟುತ್ತಿದ್ದವರಿಗೆ ಕೈಗೆ ಬರುವುದು ಕಡಿಮೆ ಆಗಬೇಕಾಗಿಲ್ಲ. ನೋಟಿಸ್ ಬೋರ್ಡಿನಲ್ಲಿ ಇಷ್ಟನ್ನು ಬರೆದು ಹಾಕಿದರೆ ಅರ್ಧ ಗಲಾಟೆ ತಣ್ಣಗಾಗುತ್ತದೆ.

"ಸ್ಪೆಷಲ್ ಅಲೊವನ್ಸ್" ಅನ್ನುವ ಹೆಸರಿಗೂ ನಮ್ಮಲ್ಲಿ ಭಾರಿ ಪ್ರೀತಿ. ಎಲ್ಲರಿಗೂ ಪ್ರತಿ ತಿಂಗಳು ಒಂದೇ ಸಮನೆ ಕೊಡುವ ಭತ್ಯೆ ಪಿಎಫ್ ಲೆಕ್ಕದಲ್ಲಿ ಬೇಸಿಕ್‌ಗೆ ಸೇರುತ್ತದೆ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿದೆ. ಹೊಸ ಸಂಹಿತೆಯ ಹೊರಗಿಡುವ ಪಟ್ಟಿಯಲ್ಲೂ ಆ ಹೆಸರಿಲ್ಲ. ಇದನ್ನು ಇನ್ನೂ ಹಳೆಯ ಹಾಗೇ ನಡೆಸುತ್ತಿರುವವರು ಸುಮ್ನೆ ಬಡ್ಡಿ ಮತ್ತು ದಂಡ ಬೆಳೆಸುತ್ತಿದ್ದಾರೆ.

ಚೀಟಿಯಲ್ಲಿ ಇನ್ನೊಂದು ಸಾಲು, ಓವರ್‌ಟೈಮ್. ಕಾನೂನು ಹೇಳುವುದು ಎರಡು ಪಟ್ಟು. ನಮ್ಮ ಕಡೆ ರಿಜಿಸ್ಟರಿನಲ್ಲಿ ಓವರ್‌ಟೈಮ್ ಇರುವುದೇ ಇಲ್ಲ. ಎಂಟು ತಾಸಿನ ಮೇಲೆ ದುಡಿದ ಹಣ "ಇನ್ಸೆಂಟಿವ್" ಅಂತ ಸಿಂಗಲ್ ರೇಟಿನಲ್ಲಿ ಕೊಟ್ಟುಬಿಡುತ್ತಾರೆ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ತಾಸಿನವರೆಗೆ ಪಾಳಿ ಇಡಲು ದಾರಿ ಮಾಡಿಕೊಟ್ಟಿತು. ಇದನ್ನು ಕೇಳಿದ ಕೆಲವರು ದಿನವೂ 12 ತಾಸು, ವಾರಕ್ಕೆ ಆರು ದಿನ ಅಂತ ಓದಿಕೊಂಡರು. ಹಾಗಿಲ್ಲ. ವಾರಕ್ಕೆ 48 ತಾಸು ಅನ್ನುವ ಗೆರೆ ಹಾಗೇ ಇದೆ. 12 ತಾಸಿನ ಪಾಳಿ ಇಟ್ಟರೆ ವಾರಕ್ಕೆ ನಾಲ್ಕು ದಿನ ಕೆಲಸ, ಮೂರು ದಿನ ಸುಟ್ಟಿ. ಅದರ ಮೇಲೆ ದುಡಿಸಿದ ಪ್ರತಿ ತಾಸಿಗೂ ಡಬಲ್. ಕರಗಿದ ಕಬ್ಬಿಣದ ಮುಂದೆ ನಿಂತವನನ್ನು ಹನ್ನೆರಡನೇ ತಾಸಿನಲ್ಲಿ ನಿಲ್ಲಿಸಬೇಕೇ ಅನ್ನುವುದು ಬೇರೆ ಪ್ರಶ್ನೆ. ನನ್ನನ್ನು ಕೇಳಿದರೆ ಬೇಡ.

ಕೆಲಸ ಬಿಟ್ಟವನ ಹಿಸಾಬಿನ ವಿಷಯ ಇದಕ್ಕಿಂತ ಗಂಭೀರ. "ಬಾಕಿ ಪಗಾರ ಮುಂದಿನ ತಿಂಗಳು ಹತ್ತನೇ ತಾರೀಖಿಗೆ ಬಾ" ಅನ್ನುತ್ತೇವೆ. ಹತ್ತಕ್ಕೆ ಬಂದರೆ "ಸಾಹೇಬರು ಇಲ್ಲ, ಸೋಮವಾರ ಬಾ". ವೇತನ ಸಂಹಿತೆ ಇದಕ್ಕೆ ಎರಡು ಕೆಲಸದ ದಿನಗಳ ಗಡುವು ಹಾಕಿದೆ. ನೀವು ತೆಗೆದರೂ ಅಷ್ಟೇ, ಅವನೇ ರಾಜೀನಾಮೆ ಕೊಟ್ಟರೂ ಅಷ್ಟೇ. ರಾಜೀನಾಮೆ ಕೊಟ್ಟವನಿಗೂ ಈ ಗಡುವು ಇದೆ ಅನ್ನುವುದು ಹೊಸದು. ಗ್ರಾಚ್ಯುಟಿಗೆ ಮಾತ್ರ 30 ದಿನಗಳ ಅವಕಾಶ ಬೇರೆಯಾಗಿ ಇದೆ. ಎರಡು ದಿನದಲ್ಲಿ ಹಿಸಾಬು ಮುಗಿಯಬೇಕಾದರೆ ರಜೆ, ಮುಂಗಡ, ಸಾಲ, ಟೂಲ್ಸ್ ಎಲ್ಲದರ ಲೆಕ್ಕ ಪ್ರತಿ ತಿಂಗಳೂ ಸರಿ ಇರಬೇಕು. ಮುಂಗಡವನ್ನು ಮಾಲಕರ ಕಿಸೆಯ ಡೈರಿಯಲ್ಲಿ ಬರೆಯುವ ಪದ್ಧತಿಗೆ ಇಲ್ಲಿ ಜಾಗವಿಲ್ಲ.

ಈಗ ಠೇಕೇದಾರರ ಮಾತು. ಫೌಂಡ್ರಿಯಲ್ಲಿ ಗ್ರೈಂಡಿಂಗ್, ಲೋಡಿಂಗ್ ಠೇಕೆಗೆ ಹೋಗುತ್ತದೆ. ಬಿಹಾರ, ಒಡಿಶಾದಿಂದ ಬಂದ ಹುಡುಗರು ದುಡಿಯುತ್ತಾರೆ. "ಅವರು ನಮ್ಮ ಜನ ಅಲ್ಲ, ಠೇಕೇದಾರನ ಜನ" ಅಂತ ಮಾಲಕರು ನಿಶ್ಚಿಂತೆಯಿಂದ ಇರುತ್ತಾರೆ. ಠೇಕೇದಾರ ಪಗಾರ ಕೊಡದೆ ಓಡಿಹೋದರೆ ಕೊಡಬೇಕಾದವರು ಮೂಲ ಮಾಲಕರು. 1970ರ ಠೇಕೆ ಕಾರ್ಮಿಕರ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸ ಸಂಹಿತೆಯಲ್ಲೂ ಹೀಗೇ ಇದೆ. ಪಿಎಫ್ ಬಾಕಿಯೂ, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಬಾಕಿಯೂ ಕೊನೆಗೆ ನಿಮ್ಮ ಬಾಗಿಲಿಗೇ ಬರುತ್ತದೆ. ಬದಲಾಗಿರುವುದು ಒಂದು ಸಂಖ್ಯೆ. ಠೇಕೆ ಕಾರ್ಮಿಕರ ನಿಯಮಗಳು ಮೊದಲು 20 ಜನರಿಂದ ಲಾಗೂ ಆಗುತ್ತಿದ್ದವು, ಈಗ 50ರಿಂದ. ಇದನ್ನೇ ಹಿಡಿದು ಕೆಲವರು ಐವತ್ತರೊಳಗೆ ಏನೂ ಕೇಳುವವರಿಲ್ಲ ಅಂದುಕೊಂಡಿದ್ದಾರೆ. ಕನಿಷ್ಠ ವೇತನಕ್ಕೆ ಇಂಥ ಸಂಖ್ಯೆಯೇ ಇಲ್ಲ. ಒಬ್ಬನಿದ್ದರೂ ಕೊಡಬೇಕು. ಇಎಸ್‌ಐ 10 ಜನರಿಂದ, ಪಿಎಫ್ 20 ಜನರಿಂದ. ನನ್ನ ಸಲಹೆ ಸರಳ: ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಮತ್ತು ಬ್ಯಾಂಕಿನಿಂದ ಪಗಾರ ಹೋದ ಪಟ್ಟಿ ಕೈಗೆ ಬರದೆ ಠೇಕೇದಾರನ ಈ ತಿಂಗಳ ಬಿಲ್ಲಿಗೆ ಸಹಿ ಹಾಕಬೇಡಿ.

ಇಎಸ್‌ಐ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೆಲಸಗಾರನ ಪಾಲು ಶೇಕಡಾ 0.75, ಮಾಲಕರ ಪಾಲು ಶೇಕಡಾ 3.25. ವೇತನದ ಮಿತಿ 21,000. ಇಷ್ಟು ಉಳಿಸಲು ಹೋಗಿ ಹೆಸರು ನೋಂದಾಯಿಸದೆ ಇಟ್ಟ ಹುಡುಗನ ಕೈ ಮಷಿನ್ನಿಗೆ ಸಿಕ್ಕಿದರೆ ಆಸ್ಪತ್ರೆಯ ಬಿಲ್ಲು, ಪರಿಹಾರ ಎರಡೂ ಮಾಲಕರ ತಲೆಗೆ. ಅಪಘಾತ ಆದ ಮೇಲೆ ಹಿಂದಿನ ತಾರೀಖು ಹಾಕಿ ನೋಂದಾಯಿಸಲು ಓಡುವವರನ್ನು ನೋಡಿದ್ದೇನೆ. ಅದು ಆನ್‌ಲೈನ್ ವ್ಯವಸ್ಥೆ. ನೋಂದಣಿ ಮಾಡಿದ ಗಳಿಗೆ ಅದರಲ್ಲೇ ದಾಖಲಾಗಿರುತ್ತದೆ.

ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಕ್ಕರೆ ಕಾರಖಾನೆಗಳಿಗೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಕೆಲಸ ಹಂಗಾಮಿನದು. ಹಂಗಾಮಿನ ಕಾರ್ಮಿಕರಿಗೆ ಗ್ರಾಚ್ಯುಟಿ ಪ್ರತಿ ಹಂಗಾಮಿಗೆ ಏಳು ದಿನಗಳ ವೇತನ. ಇದಲ್ಲದೆ ನಿಗದಿತ ಅವಧಿಗೆ ನೇಮಿಸಿಕೊಂಡವರು ಅಂತ ಒಂದು ವರ್ಗ ಈಗ ಸ್ಪಷ್ಟವಾಗಿ ಕಾನೂನಿನಲ್ಲಿದೆ. ಎರಡು ವರ್ಷಕ್ಕೆ ಅಂತ ಬರೆದುಕೊಟ್ಟು ತೆಗೆದುಕೊಂಡರೆ ತಾಸು, ಪಗಾರ, ಸೌಲಭ್ಯ ಎಲ್ಲ ಕಾಯಂ ಜನರಿಗೆ ಇದ್ದಷ್ಟೇ ಇರಬೇಕು. ಅವರಿಗೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷ ಸಾಕು. ಎಲ್ಲ ಕಾರ್ಮಿಕರಿಗೂ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುವುದು ತಪ್ಪು. ಕಾಯಂ ನೌಕರರಿಗೆ ಐದು ವರ್ಷದ ಷರತ್ತು ಹಾಗೇ ಇದೆ.

ಮಹಿಳೆಯರ ವಿಷಯಕ್ಕೆ ಬರೋಣ. "ನಮ್ಮಲ್ಲಿ ಇಬ್ಬರೇ ಹೆಣ್ಣುಮಕ್ಕಳು, ಕಮಿಟಿ ಯಾಕೆ?" ಅಂತ ಕೇಳದ ಮಾಲಕರಿಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಲೆಕ್ಕ ಹಾಕುವುದು ಒಟ್ಟು ನೌಕರರನ್ನು, ಬರೀ ಮಹಿಳೆಯರನ್ನಲ್ಲ. ಹತ್ತು ಜನ ಇದ್ದರೆ ಆಂತರಿಕ ಸಮಿತಿ ಬೇಕು. ಮುಖ್ಯಸ್ಥರು ಮಹಿಳೆ, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು, ಹೊರಗಿನ ಸದಸ್ಯರೊಬ್ಬರು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇರುವ ಕಡೆಯ ಮಹಿಳೆಯರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಮಾಲಕರ ಹೆಂಡತಿಯನ್ನೇ ಅಧ್ಯಕ್ಷೆ ಮಾಡಿ ಕಾಗದ ಮುಗಿಸುವುದು ನಮ್ಮ ಊರಿನ ಜಾಣತನ. ಅವರ ಮುಂದೆ ಹೋಗಿ ಮಾಲಕರ ತಮ್ಮನ ಮೇಲೆ ಯಾರು ದೂರು ಕೊಡುತ್ತಾರೆ, ಹೇಳಿ?

ರಾಜ್ಯ ಸರ್ಕಾರ 2025ರ ಕೊನೆಯಲ್ಲಿ ಮುಟ್ಟಿನ ರಜೆ ತಂದಿದೆ. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಪಗಾರ ಸಹಿತ. ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರೂ ಇದ್ದಾರೆ. ಆ ವಾದ ಅಲ್ಲಿ ನಡೆಯಲಿ. ಕಾರಖಾನೆಯ ಒಳಗಿನ ಕಷ್ಟ ಬೇರೆ. ಹತ್ತರಗಿಯ ಏರೋಸ್ಪೇಸ್ ಘಟಕಗಳಲ್ಲಿ ಆ್ಯಪ್ ಇರುತ್ತದೆ, ಬಟನ್ ಒತ್ತಿದರೆ ಆಯಿತು. ಸಣ್ಣ ಶಾಪಿನಲ್ಲಿ ಹುಡುಗಿಯೊಬ್ಬಳು ಗಂಡು ಸೂಪರ್‌ವೈಸರ್ ಮುಂದೆ ನಿಂತು, ಹಿಂದೆ ನಾಲ್ಕು ಜನ ಕೇಳುತ್ತಿರುವಾಗ, ಈ ರಜೆ ಕೇಳಬೇಕೇ? ರಿಜಿಸ್ಟರಿನಲ್ಲಿ ಉಳಿದ ರಜೆಗಳ ಹಾಗೇ ಒಂದು ಅಕ್ಷರ ಗೊತ್ತು ಮಾಡಿ. ಅವಳು ಆಫೀಸಿನ ಫೋನಿಗೆ ಒಂದು ಮೆಸೇಜ್ ಹಾಕಿದರೆ ಸಾಕು ಅನ್ನಿ. ಇದಕ್ಕೆ ಕಾಸು ಖರ್ಚಿಲ್ಲ.

ಇನ್ನು "ನಾಳೆಯಿಂದ ಬರಬೇಡ" ಅನ್ನುವ ಮಾತು. 300 ಕಾರ್ಮಿಕರಿಗಿಂತ ಕಡಿಮೆ ಇರುವವರಿಗೆ ಸ್ಥಾಯಿ ಆದೇಶಗಳ, ಅಂದರೆ ಕೆಲಸದ ಜಾಗದ ಶಿಸ್ತಿನ ಲಿಖಿತ ನಿಯಮಗಳ, ಕಟ್ಟುಪಾಡು ಹೊಸ ಸಂಹಿತೆಯಲ್ಲಿಲ್ಲ. ಸಣ್ಣ ಮಾಲಕರು ಖುಷಿಯಾಗಿದ್ದಾರೆ. ನನಗೆ ಅದು ಅಷ್ಟು ಖುಷಿಯ ಸುದ್ದಿ ಅನ್ನಿಸುವುದಿಲ್ಲ. ಕುಡಿದು ಬರುವುದು, ಹೇಳದೆ ಎಂಟು ದಿನ ಗೈರಾಗುವುದು ತಪ್ಪು ಅಂತ ನೀವು ಎಲ್ಲೂ ಬರೆದಿಲ್ಲದಿದ್ದರೆ, ಯಾವ ನಿಯಮ ಮುರಿದ ಅಂತ ತೆಗೆಯುತ್ತೀರಿ? ಎರಡು ಪುಟದ ನಿಯಮಾವಳಿ ಸಾಕು. ಕನ್ನಡದಲ್ಲಿ ಬರೆಯಿರಿ. ಜೊತೆಗೆ ನಿಮ್ಮ ಜನಕ್ಕೆ ಬೇಕಾದರೆ ಮರಾಠಿ, ಹಿಂದಿಯಲ್ಲೂ ಹಾಕಿ. ಅದರ ಮೇಲೆ ರಾಜಕೀಯ ಬೇಡ, ಓದಲು ಬಂದರೆ ಆಯಿತು. ಆರೋಪ ಇದ್ದರೆ ಚಾರ್ಜ್‌ಶೀಟ್ ಕೊಡಿ, ಉತ್ತರ ಬರೆಸಿಕೊಳ್ಳಿ, ವಿಚಾರಣೆ ಮಾಡಿ. ವಿಚಾರಣೆ ಇಲ್ಲದೆ ತೆಗೆದವನನ್ನು ಹಿಂದಿನ ಪಗಾರ ಕೊಟ್ಟು ವಾಪಸ್ ತೆಗೆದುಕೊಳ್ಳಬೇಕಾಗಿ ಬಂದ ಉದಾಹರಣೆಗಳು ಬೇಕಾದಷ್ಟಿವೆ.

ಸಂಹಿತೆಗಳ ಕೆಳಗೆ ವಿವರವಾದ ನಿಯಮಗಳನ್ನು ಕೇಂದ್ರವೂ ರಾಜ್ಯವೂ ಮಾಡಬೇಕು. ಹೊಸ ನಿಯಮ ಬರುವವರೆಗೆ, ಸಂಹಿತೆಗೆ ವಿರುದ್ಧವಾಗದ ಹಳೆಯ ನಿಯಮಗಳೇ ನಡೆಯುತ್ತವೆ. ಹಾಗಾಗಿ ಫಾರ್ಮು, ರಿಜಿಸ್ಟರುಗಳನ್ನು ಅವಸರದಲ್ಲಿ ರದ್ದಿಗೆ ಹಾಕಬೇಡಿ.

ಕೊನೆಗೆ ಈಚೆಗೆ ಬಹಳ ಜನ ಕೇಳುತ್ತಿರುವ ಪ್ರಶ್ನೆ. ನೇಮಕಾತಿ ಪತ್ರ ಈಗ ಎಲ್ಲರಿಗೂ ಕಡ್ಡಾಯ. ಸಂಹಿತೆ ಬರುವ ಮೊದಲಿನಿಂದ ಪತ್ರವಿಲ್ಲದೆ ದುಡಿಯುತ್ತಿರುವವರಿಗೂ ಮೂರು ತಿಂಗಳೊಳಗೆ ಕೊಡಬೇಕು ಅಂತ ಸಂಹಿತೆ ಹೇಳಿತ್ತು. ಆಗ ಕೊಡದವರು ಇನ್ನೂ ತಡ ಮಾಡಬಾರದು. ಪ್ರಶ್ನೆ ಇರುವುದು ತಾರೀಖಿನದು. ಹನ್ನೆರಡು ವರ್ಷದಿಂದ ಬಾಯಿಮಾತಿನ ಮೇಲೆ ದುಡಿಯುತ್ತಿರುವವನ ಪತ್ರದಲ್ಲಿ ಕೆಲಸಕ್ಕೆ ಸೇರಿದ ದಿನ ಅಂತ ಏನು ಬರೆಯಬೇಕು? ಕೆಲವರು ಇವತ್ತಿನ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳುವ ಆಲೋಚನೆಯಲ್ಲಿದ್ದಾರೆ. ಹನ್ನೆರಡು ವರ್ಷದ ಗ್ರಾಚ್ಯುಟಿ ಉಳಿಯಿತು ಅನ್ನುವ ಲೆಕ್ಕ. ಪತ್ರ ಕೊಡುವ ದಿನ ಇವತ್ತಿನದೇ ಇರಲಿ, ಸೇರಿದ ದಿನ ಅವನು ನಿಜವಾಗಿ ಸೇರಿದ ದಿನವೇ ಆಗಿರಬೇಕು. ಪಿಎಫ್ ಕಟ್ಟಿದ್ದರೆ ಅವನ ಪಾಸ್‌ಬುಕ್ಕಿನಲ್ಲಿ ಮೊದಲ ತಿಂಗಳ ಜಮಾ ಇದ್ದೇ ಇರುತ್ತದೆ. ಅದನ್ನು ಅವನು ತನ್ನ ಮೊಬೈಲಿನಲ್ಲೇ ನೋಡಬಹುದು. ಪಿಎಫ್ ಕಟ್ಟಿಲ್ಲ ಅಂದರೆ, ಮಾಲಕರೇ, ನಾವು ಮಾತಾಡಬೇಕಾದದ್ದು ತಾರೀಖಿನ ಬಗ್ಗೆ ಅಲ್ಲ.

ನಮಸ್ಕಾರ.