ಮದುವೆ ತೋರಿಸದ ಮದುವೆ ಸಿನಿಮಾ

ಕೇಳುಗರಿಗೆ ನಮಸ್ಕಾರ.

ಒಂದು ಸಿನಿಮಾ ಇದೆ. ಮೊದಲಿನಿಂದ ಕೊನೆವರೆಗೂ ಮಗಳ ಮದುವೆಯದ್ದೇ ಕತೆ. ತಾಯಿ ಇಲ್ಲದ ಮನೆ. ಅಪ್ಪ ಪ್ರೊಫೆಸರು. ಮಗಳಿಗೆ 27 ವರ್ಷ. ಅಪ್ಪನನ್ನು ನೋಡಿಕೊಂಡು ಹಾಯಾಗಿದ್ದಾಳೆ. ಮದುವೆ ಮಾತೆತ್ತಿದರೆ ನಕ್ಕು ಜಾರಿಕೊಳ್ಳುತ್ತಾಳೆ. ಆದರೆ ಸೋದರತ್ತೆ ಬಿಡಬೇಕಲ್ಲ! ಒಂದು ಗಂಡು ನೋಡುತ್ತಾಳೆ. ಹುಡುಗನ ಬಾಯಿ ಹತ್ತಿರ ಥೇಟ್ ಅಮೆರಿಕದ ನಟ ಗ್ಯಾರಿ ಕೂಪರ್ ಥರಾನೇ ಇದೆ ಅಂತ ಹೊಗಳುತ್ತಾಳೆ. ಅಷ್ಟೇ ಅಲ್ಲ, ನಿಮ್ಮಪ್ಪನಿಗೂ ಒಂದು ಸಂಬಂಧ ನೋಡಿದ್ದೀನಿ ಅಂತ ಹುಡುಗಿಯ ಕಿವಿಗೆ ಹಾಕುತ್ತಾಳೆ. ಮಗಳು ಬಂದು, ನಿಜವಾ ಅಪ್ಪ, ಅಂತ ಕೇಳುತ್ತಾಳೆ. ಅಪ್ಪ ಹೂಂ ಅನ್ನುತ್ತಾನೆ. ಅದು ಸುಳ್ಳು. ಮಗಳು ಹೊರಡಲಿ ಅಂತಲೇ ಹೇಳಿದ ಸುಳ್ಳು.

ಅಂತೂ ಮದುವೆ ದಿನ ಬರುತ್ತದೆ. ಮಗಳು ಸಿಂಗಾರ ಮಾಡಿಕೊಂಡು ಕೂತಿದ್ದಾಳೆ. ಅಪ್ಪನಿಗೆ ತಲೆಬಾಗಿ ನಮಸ್ಕಾರ ಮಾಡುತ್ತಾಳೆ. ಎಲ್ಲರೂ ಹೊರಡುತ್ತಾರೆ. ಇನ್ನೇನು, ಮದುವೆ ನೋಡಬಹುದು ಅಂತ ನಾವು ಸರಿಯಾಗಿ ಕೂರುತ್ತೇವೆ. ಮುಂದಿನ ದೃಶ್ಯಕ್ಕೆ ಬಂದರೆ ಮದುವೆ ಮುಗಿದೇ ಹೋಗಿದೆ! ಅಪ್ಪ ಮಗಳ ಗೆಳತಿಯ ಜೊತೆ ಕೂತು ಕುಡಿಯುತ್ತಾ ಮಾತಾಡುತ್ತಿದ್ದಾನೆ. ಗ್ಯಾರಿ ಕೂಪರನ ಬಾಯಿಯ ಆ ಗಂಡು ಇದ್ದಾನಲ್ಲ, ಅವನ ಮುಖವನ್ನು ಇಡೀ ಸಿನಿಮಾದಲ್ಲಿ ಒಂದು ಸಲವೂ ತೋರಿಸುವುದಿಲ್ಲ.

ಇದು 1949ರ ಜಪಾನಿ ಸಿನಿಮಾ. ಹೊರಗಿನವರಿಗೆ 'ಲೇಟ್ ಸ್ಪ್ರಿಂಗ್' ಅನ್ನುವ ಹೆಸರಿನಲ್ಲಿ ಗೊತ್ತು. ನಿರ್ದೇಶಕರು ಯಾಸುಜಿರೊ ಓಝು. ನಮ್ಮ ಕಡೆ ಯಾರಾದರೂ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ. ನಮ್ಮಲ್ಲಿ ಮದುವೆ ದೃಶ್ಯಕ್ಕೆ ಅಂತಲೇ ಒಂದು ಹಾಡು ಇರುತ್ತದೆ.

ಪರದೇಶದ ಸಿನಿಮಾ ವಿಚಿತ್ರ ಅಂದ ತಕ್ಷಣ ನಾವು ಉಡುಪು, ಊಟ, ಭಾಷೆ ಅಂತ ಯೋಚಿಸುತ್ತೇವೆ. ಕಿಮೋನೊ, ಕತ್ತಿ, ಕಡ್ಡಿಯಲ್ಲಿ ಅನ್ನ. ಅವೆಲ್ಲ ಹತ್ತು ನಿಮಿಷದಲ್ಲಿ ಅಭ್ಯಾಸವಾಗಿ ಹೋಗುತ್ತವೆ. ಅಭ್ಯಾಸವಾಗದ್ದು ಬೇರೆ. ಅವರು ಯಾವುದನ್ನು ಬಿಡುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅನ್ನುವುದು. ನಾವು ಕಾಯುತ್ತಿದ್ದದ್ದನ್ನು ಹಾರಿಸಿಬಿಡುತ್ತಾರೆ. ನಾವು ನೋಡದೇ ದಾಟುವುದರ ಮುಂದೆ ಕ್ಯಾಮೆರಾ ಇಟ್ಟು ಕೂರುತ್ತಾರೆ.

ಅದೇ ಮದುವೆ ದಿನವನ್ನೇ ನೋಡಿ. ಹುಡುಗಿ ಕೋಣೆಯಿಂದ ಹೊರಗೆ ಹೋದಳು, ಅಪ್ಪನೂ ಹೋದ. ಕೊನೆಗೆ ಸೋದರತ್ತೆ ಒಬ್ಬಳೇ ಉಳಿದಳು. ಅವಳೂ ಹೊರಡಬೇಕು, ಹೊರಡುವುದಿಲ್ಲ. ಆ ಕೋಣೆಯನ್ನು ಒಂದು ಸುತ್ತು ಹಾಕುತ್ತಾಳೆ, ಏನಾದರೂ ಮರೆತಿದ್ದೀವಾ ಅಂತ ನೋಡಿದ ಹಾಗೆ. ಆಮೇಲೆ ಹೋಗುತ್ತಾಳೆ. ಇಷ್ಟೇ. ಮಾತಿಲ್ಲ, ಕಣ್ಣೀರಿಲ್ಲ. ಮದುವೆ ಮನೆಯಿಂದ ಛತ್ರಕ್ಕೆ ಹೊರಡುವಾಗ ಎಲ್ಲರೂ ವ್ಯಾನು ಹತ್ತಿದ ಮೇಲೂ ಒಳಗೇ ಉಳಿದು ಕೋಣೆ ನೋಡಿ ಬರುವ ಒಬ್ಬ ಅತ್ತೆಯೋ ಚಿಕ್ಕಮ್ಮನೋ ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ ಅಲ್ವಾ? ಅವರನ್ನು ನಾನು ನಮ್ಮ ಸಿನಿಮಾದಲ್ಲಿ ಕಂಡಿಲ್ಲ. ಜಪಾನಿನ ಕಾಮಾಕುರಾ ಅನ್ನುವ ಊರಿನ ಒಂದು ಮನೆಯಲ್ಲಿ ಕಂಡೆ.

ಕೊನೆಗೆ ಅಪ್ಪ ಒಬ್ಬನೇ ಮನೆಗೆ ಬರುತ್ತಾನೆ. ಕುರ್ಚಿಯಲ್ಲಿ ಕೂತು ಒಂದು ಸೇಬಿನ ಸಿಪ್ಪೆ ತೆಗೆಯಲು ಶುರು ಮಾಡುತ್ತಾನೆ. ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಇಳಿಯುತ್ತದೆ. ಕೈ ನಿಲ್ಲುತ್ತದೆ, ತಲೆ ಬಗ್ಗುತ್ತದೆ. ಈ ಪಾತ್ರ ಮಾಡಿದವರು ಚಿಶೂ ರ್‍ಯೂ. ಇಲ್ಲಿ ಜೋರಾಗಿ ಅಳಿ ಅಂತ ಅವರಿಗೆ ಓಝು ಹೇಳಿದ್ದರಂತೆ. ನನ್ನ ಕೈಲಿ ಆಗಲ್ಲ ಅಂದರಂತೆ ರ್‍ಯೂ. ಸರಿ, ಬರೀ ತಲೆ ತಗ್ಗಿಸಿದ್ದಕ್ಕೇ ನಿಂತಿತು. ಸಾಮಾನ್ಯವಾಗಿ ಓಝು ನಟರಿಗೆ ಯಾವ ಸಲಿಗೆಯನ್ನೂ ಕೊಡುವವರಲ್ಲ. ಲೋಟ ಎಷ್ಟು ಎತ್ತಬೇಕು, ಕತ್ತು ಯಾವಾಗ ತಿರುಗಿಸಬೇಕು ಅನ್ನುವುದನ್ನೂ ಅವರೇ ಹೇಳುತ್ತಿದ್ದರು. ಇಲ್ಲಿ ಮಾತ್ರ ನಟ ಗೆದ್ದ. ಸಿನಿಮಾವೂ ಉಳಿಯಿತು ಅಂತ ನನ್ನ ಅನಿಸಿಕೆ.

ಓಝು ಅವರ ಕ್ಯಾಮೆರಾ ಇರುವ ಜಾಗವೂ ಬೇರೆ. ನೆಲದಿಂದ ಸ್ವಲ್ಪವೇ ಮೇಲೆ. ಜಪಾನಿನ ಹಳೆಯ ಮನೆಗಳಲ್ಲಿ ಜನ ಚಾಪೆ ಮೇಲೆ ಕೂರುತ್ತಾರೆ, ಅವರ ಕಣ್ಣಿಗಿಂತಲೂ ಕೆಳಗೆ. ಇಟ್ಟ ಮೇಲೆ ಮುಗಿಯಿತು, ಅದು ಅಲ್ಲಾಡುವುದು ತೀರಾ ಅಪರೂಪ. ಇಬ್ಬರು ಮಾತಾಡುವಾಗ ಒಬ್ಬೊಬ್ಬರೂ ಹೆಚ್ಚು ಕಡಿಮೆ ನಮ್ಮನ್ನೇ ನೋಡಿ ಮಾತಾಡುತ್ತಾರೆ. ಮಧ್ಯೆ ಮಧ್ಯೆ ಒಣಗಲು ಹಾಕಿದ ಬಟ್ಟೆ, ಕಾರ್ಖಾನೆಯ ಚಿಮಣಿ, ಹಾದು ಹೋಗುವ ರೈಲು. ಕತೆಗೆ ಇದರ ಸಂಬಂಧ ಏನು ಅಂತ ಮೊದಲ ಸಲ ನೋಡುವವರು ತಲೆ ಕೆರೆದುಕೊಳ್ಳುತ್ತಾರೆ. ಸಂಬಂಧ ಏನೂ ಇಲ್ಲ. ಬಟ್ಟೆ ಒಣಗುತ್ತಿದೆ, ಅಷ್ಟೇ.

ಇವರ 1953ರ 'ಟೋಕಿಯೊ ಸ್ಟೋರಿ'ಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. 2012ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ನಿರ್ದೇಶಕರನ್ನೆಲ್ಲ ಕೇಳಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಓನೋಮಿಚಿ ಅನ್ನುವ ಕಡಲ ತೀರದ ಊರಿನಿಂದ ಮುದುಕ ಮುದುಕಿ ಇಬ್ಬರು ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ. ಹಿರಿಮಗ ಡಾಕ್ಟರು, ಪುರಸೊತ್ತಿಲ್ಲ. ಮಗಳದು ಬ್ಯೂಟಿ ಪಾರ್ಲರು, ಅವಳಿಗೂ ಪುರಸೊತ್ತಿಲ್ಲ. ಇಬ್ಬರೂ ದುಡ್ಡು ಹಾಕಿ ಅಪ್ಪ ಅಮ್ಮನನ್ನು ಅತಾಮಿ ಅನ್ನುವ ಬಿಸಿನೀರಿನ ಬುಗ್ಗೆಯ ಊರಿಗೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗಲಾಟೆ, ನಿದ್ದೆ ಇಲ್ಲ. ಯುದ್ಧದಲ್ಲಿ ತೀರಿಕೊಂಡ ಮಗನ ಹೆಂಡತಿಯೊಬ್ಬಳೇ, ಆಫೀಸಿಗೆ ರಜ ಹಾಕಿ, ಇವರಿಗೆ ಊರು ತೋರಿಸುತ್ತಾಳೆ.

ಇದರಲ್ಲಿ ನನಗೆ ಇಷ್ಟವಾದವಳು ಆ ಸೊಸೆಯಲ್ಲ. ಎಲ್ಲರೂ ಅವಳನ್ನೇ ಹೊಗಳುತ್ತಾರೆ. ನನಗೆ ಪಾರ್ಲರಿನ ಮಗಳು ಇಷ್ಟ. ಗಂಡ ಅತ್ತೆ ಮಾವನಿಗೆ ಅಂತ ಒಳ್ಳೆಯ ತಿಂಡಿ ತಂದರೆ, ಇಷ್ಟು ದುಬಾರಿದು ಯಾಕೆ ಬೇಕಿತ್ತು ಅವರಿಗೆ ಅನ್ನುತ್ತಾಳೆ. ಅನ್ನುತ್ತಲೇ ತಾನೂ ಒಂದು ಬಾಯಿಗೆ ಹಾಕಿಕೊಳ್ಳುತ್ತಾಳೆ. ತಾಯಿಗೆ ಹುಷಾರಿಲ್ಲ ಅಂತ ತಂತಿ ಬಂದಾಗ ಅಣ್ಣನನ್ನು ಕೇಳುತ್ತಾಳೆ, ಸಾವಿನ ಮನೆಗೆ ಉಡುವ ಬಟ್ಟೆಯನ್ನೂ ತಗೊಂಡು ಹೋಗೋಣವಾ ಅಂತ. ತಾಯಿ ತೀರಿಕೊಂಡಾಗ ಮನಸಾರೆ ಅಳುತ್ತಾಳೆ. ಕಾರ್ಯ ಮುಗಿದು ಊಟಕ್ಕೆ ಕೂತಾಗ ಅಮ್ಮನ ಬೇಸಿಗೆಯ ಬಟ್ಟೆ, ಸೊಂಟಪಟ್ಟಿ ನೆನಪಿಗೆ ನನಗಿರಲಿ ಅನ್ನುತ್ತಾಳೆ. ಅಳುವೂ ನಿಜ, ಸೊಂಟಪಟ್ಟಿಯೂ ನಿಜ. ಹಾರುಕೊ ಸುಗಿಮುರಾ ಅನ್ನುವ ನಟಿ ಈ ಪಾತ್ರ ಮಾಡಿದ್ದಾರೆ. ಆ ಮದುವೆ ಸಿನಿಮಾದ ಸೋದರತ್ತೆಯೂ ಅವರೇ. ನಮ್ಮ ಸಿನಿಮಾದಲ್ಲಾಗಿದ್ದರೆ ಇಂಥ ಮಗಳಿಗೆ ಕೊನೆಯಲ್ಲಿ ಬುದ್ಧಿ ಬರುತ್ತಿತ್ತು, ಇಲ್ಲಾ ಯಾರಾದರೂ ಒಂದು ಕೆನ್ನೆಗೆ ಬಿಡುತ್ತಿದ್ದರು. ಇಲ್ಲಿ ಅವಳು ಊಟ ಮುಗಿಸಿ ರೈಲು ಹಿಡಿಯುತ್ತಾಳೆ.

ಹಾಗಾಗಿ, ಕತೆ ಕೇಳಿದರೆ ಇದು ಪಕ್ಕದ ಬೀದಿಯದ್ದು. ನೋಡಿದರೆ ಬೇರೆ ಲೋಕದ್ದು. ಈ ಎರಡೂ ಒಟ್ಟಿಗೆ ಸಿಗುವುದರಲ್ಲೇ ಮಜ ಇರುವುದು. ಬರೀ ವಿಚಿತ್ರವಾಗಿದ್ದರೆ ಒಂದು ಸಲ ನೋಡಿ ಮರೆಯುತ್ತಿದ್ದೆವು.

ಒಂದು ತಮಾಷೆ ಗೊತ್ತಾ? ಈ ಓಝು ತುಂಬಾ ಜಪಾನಿ, ಹೊರಗಿನವರಿಗೆ ಅರ್ಥವಾಗಲ್ಲ ಅಂತ ಅವರ ನಾಡಿನ ಸಿನಿಮಾದವರೇ ಅಂದುಕೊಂಡಿದ್ದರು. 'ಟೋಕಿಯೊ ಸ್ಟೋರಿ' ನ್ಯೂಯಾರ್ಕಿನಲ್ಲಿ ಬಿಡುಗಡೆಯಾಗಿದ್ದು 1972ರಲ್ಲಿ. ಅಷ್ಟು ಹೊತ್ತಿಗೆ ಓಝು ತೀರಿಕೊಂಡು ಎಂಟು ವರ್ಷ ದಾಟಿತ್ತು. ಆದರೆ ಆ ಮನುಷ್ಯ ಚಿಕ್ಕಂದಿನಿಂದ ಅಮೆರಿಕದ ಸಿನಿಮಾ ಹುಚ್ಚಿನವರು! ಯುದ್ಧದ ಕಾಲದಲ್ಲಿ ಸೈನ್ಯದವರು ಅವರನ್ನು ಸಿಂಗಪುರಕ್ಕೆ ಕಳಿಸಿದ್ದರು. ಅಲ್ಲಿ ಜಪ್ತಿಯಾಗಿದ್ದ ಹಾಲಿವುಡ್ ಸಿನಿಮಾಗಳನ್ನು ಕೂತು ನೋಡಿ ಮುಗಿಸಿದರು. ಮದುವೆ ಸಿನಿಮಾದಲ್ಲಿ ಹುಡುಗಿ ಸಮುದ್ರದ ಪಕ್ಕ ಸೈಕಲ್ ಹೊಡೆಯುವ ದೃಶ್ಯ ಬಂದಾಗ ಗಮನಿಸಿ, ರಸ್ತೆ ಬದಿಯಲ್ಲಿ ಕೋಕಾ ಕೋಲಾದ ಬೋರ್ಡು ಇದೆ. ಅಪ್ಪಟ ಜಪಾನಿ ಅಂತ ನಾವು ಕೈ ಮುಗಿಯುವುದರ ಹಿಂದೆ ಎಷ್ಟೋ ಪರದೇಶ ಇದೆ.

ಪರದೇಶದ ಸಿನಿಮಾವನ್ನು ಅರ್ಥಮಾಡಿಕೊಳ್ಳುವ ಕಷ್ಟ ಜಪಾನಿನವರಿಗೂ ಇತ್ತು. ಅದಕ್ಕೆ ಅವರು ಒಂದು ಚೆಂದದ ದಾರಿ ಕಂಡುಕೊಂಡಿದ್ದರು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ಒಬ್ಬ ಮಾತುಗಾರ ನಿಲ್ಲುತ್ತಿದ್ದ. ಬೆನ್ಶಿ ಅಂತ ಅವನಿಗೆ ಹೆಸರು. ಯಕ್ಷಗಾನದ ಭಾಗವತರು ಆಟವನ್ನು ನಡೆಸಿಕೊಂಡು ಹೋಗುತ್ತಾರಲ್ಲ, ಹಾಗೆ. ಗಂಡಸಿನ ಮಾತು, ಹೆಂಗಸಿನ ಮಾತು, ಮಧ್ಯೆ ವಿವರಣೆ, ಎಲ್ಲ ಅವನೇ. ಅವನ ಹೆಸರು ನೋಡಿ ಜನ ಟಿಕೆಟ್ ತಗೊಳ್ಳುತ್ತಿದ್ದರು. ಜಗತ್ತೆಲ್ಲ ಟಾಕಿಗೆ ಹೋದ ಮೇಲೂ ಜಪಾನಿನಲ್ಲಿ 1930ರ ದಶಕದ ಮಧ್ಯದವರೆಗೂ ಮೂಕಿ ಚಿತ್ರ ಬದುಕಿತ್ತು. ಈ ಬೆನ್ಶಿಗಳೂ ಅದಕ್ಕೊಂದು ಕಾರಣ. ಒಬ್ಬ ಹುಡುಗನಿಗೆ ಪರದೇಶದ ಸಿನಿಮಾಗಳ ರುಚಿ ಹತ್ತಿಸಿದ್ದು ಅವನ ಅಣ್ಣ. ಆ ಅಣ್ಣ ಬೆನ್ಶಿಯಾಗಿದ್ದ. ಮುಂದೆ ದೊಡ್ಡ ನಿರ್ದೇಶಕನಾದ ಆ ಹುಡುಗನ ಹೆಸರು ಅಕಿರಾ ಕುರೊಸಾವಾ.

ಕುರೊಸಾವಾ ಅವರನ್ನು ನಮಗೆ ಪರಿಚಯ ಮಾಡಿಕೊಡಬೇಕಿಲ್ಲ. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ನೋಡಿದವರಿಗೆ ಕುರೊಸಾವಾ ಅವರ ಸಮುರಾಯ್, ಅಂದರೆ ಜಪಾನಿ ಯೋಧರ, ಸಿನಿಮಾಗಳ ಗಾಳಿ ತಾಗಿಯೇ ಇರುತ್ತದೆ. 1978ರ ಆ ಚಿತ್ರದಲ್ಲೇ ಶಂಕರ್ ನಾಗ್ ಮೊದಲ ಸಲ ಪರದೆಗೆ ಬಂದಿದ್ದು. 2014ರಲ್ಲಿ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಬಂದಾಗಲೂ ಎಲ್ಲರ ಬಾಯಲ್ಲಿ ಕುರೊಸಾವಾ ಅವರ 'ರಾಶೋಮಾನ್' ಹೆಸರು ಬಂತು.

'ರಾಶೋಮಾನ್' 1950ರದ್ದು. ಕಾಡಿನಲ್ಲಿ ಒಂದು ಕೊಲೆಯಾಗಿದೆ. ಡಕಾಯಿತ ಒಂದು ಹೇಳುತ್ತಾನೆ, ಸತ್ತವನ ಹೆಂಡತಿ ಇನ್ನೊಂದು ಹೇಳುತ್ತಾಳೆ. ಸರಿ, ಸತ್ತವನನ್ನೇ ಕೇಳೋಣ ಅಂತ ಅವನನ್ನು ಒಬ್ಬಾಕೆಯ ಮೈಮೇಲೆ ಬರಿಸುತ್ತಾರೆ. ಬಂದು ಸಾಕ್ಷಿ ಹೇಳುತ್ತಾನೆ. ಅದೂ ಉಳಿದವರ ಮಾತಿಗೆ ತಾಳೆಯಾಗುವುದಿಲ್ಲ! ಚಿತ್ರೀಕರಣದಲ್ಲೂ ಸಾಹಸ ಜಾಸ್ತಿ. ಛಾಯಾಗ್ರಾಹಕ ಕಝುಓ ಮಿಯಾಗಾವಾ ಎಲೆಗಳ ನಡುವಿಂದ ನೇರ ಸೂರ್ಯನಿಗೇ ಕ್ಯಾಮೆರಾ ಹಿಡಿದರು. ಮಳೆ ಪರದೆಯಲ್ಲಿ ಕಾಣುತ್ತಿಲ್ಲ ಅಂತ ನೀರಿಗೆ ಕಪ್ಪು ಮಸಿ ಬೆರೆಸಿ ಸುರಿಸಿದರು. ಚಿತ್ರ ಮುಗಿದಾಗ ಕಂಪನಿಯ ಮುಖ್ಯಸ್ಥರಿಗೇ ತಲೆಬುಡ ತಿಳಿಯಲಿಲ್ಲ. 1951ರಲ್ಲಿ ವೆನಿಸ್ ಉತ್ಸವದಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿ ಬಂತು. ಚಿತ್ರ ಅಲ್ಲಿಗೆ ಹೋಗಿದೆ ಅನ್ನುವುದೇ ಕುರೊಸಾವಾ ಅವರಿಗೆ ಗೊತ್ತಿರಲಿಲ್ಲ. ಮೀನು ಹಿಡಿಯಲು ಹೋಗಿ ಮನೆಗೆ ವಾಪಸ್ ಬಂದಾಗ ಹೆಂಡತಿ ಸುದ್ದಿ ಹೇಳಿದರು.

ನೀವು ಕೇಳುತ್ತಿರುವುದು ರೇಡಿಯೊ, ಆದ್ದರಿಂದ ಒಂದು ಶಬ್ದದ ವಿಷಯವನ್ನೂ ಹೇಳಿಬಿಡುತ್ತೇನೆ. 1954ರ 'ಗಾಡ್ಜಿಲ್ಲಾ' ಚಿತ್ರದ ದೈತ್ಯ ಪ್ರಾಣಿಯ ಕೂಗು ಇದೆಯಲ್ಲ, ಅದು ಯಾವ ಪ್ರಾಣಿಯದ್ದೂ ಅಲ್ಲ. ಡಬಲ್ ಬೇಸ್ ಅನ್ನುವ ದೊಡ್ಡ ತಂತಿವಾದ್ಯದ ತಂತಿ ಸಡಿಲ ಮಾಡಿ, ಚರ್ಮದ ಕೈಗವಸಿನಿಂದ ಉಜ್ಜಿ ಹುಟ್ಟಿಸಿದ್ದು. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರ ಐಡಿಯಾ. ಇಲ್ಲಿ ನಾವು ಮಕ್ಕಳ ಸಿನಿಮಾ ಅಂತ ನಕ್ಕು ನೋಡುತ್ತೇವೆ. ಅಲ್ಲಿಯವರು ನಕ್ಕಿರಲಿಕ್ಕಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಬಿಕಿನಿ ದ್ವೀಪದ ಹತ್ತಿರ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನುಗಾರರ ದೋಣಿಯ ಮೇಲೆ ಬಿದ್ದಿತ್ತು. ದೋಣಿಯ ರೇಡಿಯೊ ನೋಡಿಕೊಳ್ಳುತ್ತಿದ್ದವರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ಸಿನಿಮಾ ಬಂತು. ಅದು ಶುರುವಾಗುವುದೂ ಸಮುದ್ರದಲ್ಲಿ ಸುಟ್ಟು ಹೋಗುವ ಒಂದು ಹಡಗಿನಿಂದಲೇ.

ಜಪಾನ್ ಒಂದೇ ಯಾಕೆ, ಇರಾನಿಗೂ ಹೋಗಬಹುದು. ಅಬ್ಬಾಸ್ ಕಿಯಾರೊಸ್ತಾಮಿ ಅವರ 1987ರ ಒಂದು ಸಿನಿಮಾದಲ್ಲಿ ಒಬ್ಬ ಹುಡುಗ ತಪ್ಪಿ ಗೆಳೆಯನ ನೋಟ್‌ಬುಕ್ಕನ್ನು ಮನೆಗೆ ತಂದಿದ್ದಾನೆ. ನಾಳೆ ಗೆಳೆಯನನ್ನು ಮೇಷ್ಟ್ರು ಶಾಲೆಯಿಂದಲೇ ಹೊರಹಾಕಬಹುದು. ವಾಪಸ್ ಕೊಡಲು ಪಕ್ಕದ ಹಳ್ಳಿಗೆ ಓಡುತ್ತಾನೆ. ಅಷ್ಟೇ ಕತೆ. ದೊಡ್ಡವರು ಯಾರೂ ಅವನ ಮಾತನ್ನು ಪೂರ್ತಿ ಕೇಳುವುದಿಲ್ಲ. ಯಾವ ಕೊಲೆಯ ಸಿನಿಮಾದಲ್ಲೂ ನನಗೆ ಅಷ್ಟು ಎದೆ ಹೊಡೆದುಕೊಂಡಿಲ್ಲ.

ಇವನ್ನೆಲ್ಲ ನೋಡಲು ಒಂದು ಕಾಲದಲ್ಲಿ ಫಿಲ್ಮ್ ಸೊಸೈಟಿಗಳೇ ಗತಿ. ಬೆಂಗಳೂರಿನ ಸುಚಿತ್ರಾ 1971ರಿಂದ ಆ ಕೆಲಸ ಮಾಡಿಕೊಂಡು ಬಂದಿದೆ. ಈಗ ಫೋನಿನಲ್ಲೇ ಸಿಗುತ್ತವೆ. ಒಂದೇ ಕೋರಿಕೆ. ಆ ಒಂದೂವರೆ ಪಟ್ಟು ವೇಗದ ಬಟನ್ ಒತ್ತಬೇಡಿ. ಸೇಬು ಸುಲಿಯುವುದನ್ನು ಬೇಗ ಓಡಿಸಿದರೆ ಬರೀ ಸೇಬು ಸುಲಿದ ಹಾಗಾಗುತ್ತದೆ. ಸಬ್‌ಟೈಟಲ್ ಓದುವುದು ಕಷ್ಟ ಅನ್ನುವವರಿಗೆ ಓಝು ಒಳ್ಳೆಯ ಆರಂಭ. ಅಲ್ಲಿ ಜನ ನಿಧಾನ ಮಾತಾಡುತ್ತಾರೆ, ಅರ್ಧ ಮಾತು 'ಹೌದಾ', 'ಹೌದು' ಅಷ್ಟೇ.

ಇನ್ನು ಅವರಿಗೆ ನಾವು ಹೇಗೆ ಕಾಣುತ್ತೇವೆ? 1998ರಲ್ಲಿ ರಜನಿಕಾಂತ್ ಅವರ ತಮಿಳು ಸಿನಿಮಾ 'ಮುತ್ತು' ಟೋಕಿಯೊದಲ್ಲಿ ಬಿಡುಗಡೆಯಾಯಿತು. ನಮ್ಮ ಬೆಂಗಳೂರಿನ ಬಸ್ ಕಂಡಕ್ಟರ್ ಆಗಿದ್ದವರು ಅಲ್ಲಿ ಕುಣಿಯುವ ಮಹಾರಾಜ ಆದರು. ಸಿನಿಮಾಗೆ ಅಲ್ಲಿ ಕೊಟ್ಟ ಹೆಸರೇ ಅದು. ಆ ಚಿತ್ರದ ಗಳಿಕೆಯ ದಾಖಲೆ ಮುರಿಯಲು 2022ರಲ್ಲಿ 'ಆರ್‌ಆರ್‌ಆರ್' ಬರಬೇಕಾಯಿತು. ಅಪ್ಪ ಸೇಬು ಸುಲಿಯುವುದನ್ನು ಕೂತು ನೋಡಿದ ನಾಡಿನ ಜನ, ನಾಯಕ ಕುದುರೆಗಾಡಿಯಲ್ಲಿ ನುಗ್ಗುವುದನ್ನು ನೋಡಿ ಮರುಳಾದರು. ಮಸಾಲಾ ಪ್ರದರ್ಶನ ಅಂತಲೇ ಅಲ್ಲಿ ವಿಶೇಷ ಆಟಗಳು ನಡೆಯುತ್ತವೆ. ಹೆಂಗಸರು ಸೀರೆ ಉಟ್ಟುಕೊಂಡು ಬರುತ್ತಾರೆ. ಶಿಳ್ಳೆ, ಕೂಗು, ಹಾಡು ಬಂದರೆ ಕಾಗದದ ಚೂರು ತೂರುವುದು, ಎಲ್ಲ ನಮ್ಮ ಗಾಂಧಿನಗರದ ಹಾಗೇ. ಒಂದೇ ವ್ಯತ್ಯಾಸ. ಆಟ ಮುಗಿದ ಮೇಲೆ ಆ ಕಾಗದದ ಚೂರನ್ನೆಲ್ಲ ಅವರೇ ಹೆಕ್ಕಿ, ಗುಡಿಸಿ, ಮನೆಗೆ ಹೋಗುತ್ತಾರೆ.

ನಮಸ್ಕಾರ.