ಮನೆ ಮಂಡ್ಯದಲ್ಲಿ, ಕೆಲಸ ಬೆಂಗಳೂರಿನಲ್ಲಿ: ವಾರಕ್ಕೆ ಎಷ್ಟು ದಿನ?

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಬರುವವರಲ್ಲಿ ಈಗ ಬೆಂಗಳೂರಿನಲ್ಲಿ ಕೆಲಸ ಮಾಡುವವರೂ ಸಿಗುತ್ತಾರೆ. ಮೈಸೂರಿನಲ್ಲೂ ಅಷ್ಟೇ. ಅವರ ಲೆಕ್ಕ ಒಂದೇ ಉಸಿರಿನದು. "ಅಲ್ಲಿ ಎರಡು ಬೆಡ್‌ರೂಮಿನ ಮನೆಗೆ ಮೂವತ್ತು ಸಾವಿರ, ಇಲ್ಲಿ ಹತ್ತು. ಹೈವೇ ಆಗಿದೆ, ಕಾರಿದೆ. ಹೋಗಿ ಬಂದರೆ ಆಯ್ತು."

ತಪ್ಪು ಅಂತ ಹೇಳುವ ಹಾಗಿಲ್ಲ. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಈ ಬೆಂಗಳೂರು-ಮೈಸೂರು ಹೈವೇಯನ್ನು ಉದ್ಘಾಟಿಸಿದ ಮೇಲೆ ದಾರಿ ನಿಜವಾಗಿಯೂ ಬದಲಾಗಿದೆ. ಮೊದಲು ರಾಮನಗರ, ಚನ್ನಪಟ್ಟಣ, ಮದ್ದೂರು, ಎಲ್ಲ ಪೇಟೆಗಳ ಒಳಗೂ ತೆವಳಬೇಕಿತ್ತು. ಈಗ ಬೈಪಾಸ್. ಬೆಂಗಳೂರಿನ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮಾಲೀಕರನ್ನೂ, ಬೇಸಿಗೆಯ ಟ್ಯಾಂಕರ್ ನೀರನ್ನೂ ನೆನೆಸಿಕೊಂಡರೆ, ಇಲ್ಲಿಗೆ ಬರೋಣ ಅನ್ನಿಸುವುದು ಸಹಜ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದವನು. ಹಾಗಾಗಿ ನೆಂಟರ ಮಕ್ಕಳು ಇಂಥದ್ದನ್ನೆಲ್ಲ ನನ್ನ ಮುಂದೆ ತಂದಿಡುತ್ತಾರೆ. ಕಳೆದ ವರ್ಷ ತಂಗಿ ಮಗ ಬಂದಿದ್ದ. ಮಂಡ್ಯಕ್ಕೆ ಮನೆ ಬದಲಾಯಿಸಿ ಆರೇಳು ತಿಂಗಳಾಗಿತ್ತು. "ಮಾವ, ಬಾಡಿಗೆ ಉಳೀತಿದೆ, ಆದರೆ ದುಡ್ಡು ಕಾಣ್ತಿಲ್ಲ" ಅಂದ. ಪೆಟ್ರೋಲ್ ಬಿಲ್ ಇಟ್ಟಿದ್ದೀಯಾ ಅಂತ ಕೇಳಿದೆ. ಕಾರಿನ ಡ್ಯಾಶ್‌ಬೋರ್ಡಿನಿಂದ ಒಂದು ಹಿಡಿ ಚೀಟಿ ತಂದ. ಬಿಸಿಲಿಗೆ ಅಕ್ಷರವೆಲ್ಲ ಹಾರಿಹೋಗಿ ಅರ್ಧಕ್ಕರ್ಧ ಬಿಳಿ ಕಾಗದ. ಬಾಡಿಗೆ ತಿಂಗಳಿಗೊಮ್ಮೆ ಒಟ್ಟಿಗೆ ಹೋಗುತ್ತೆ, ಕಣ್ಣಿಗೆ ಕಾಣುತ್ತೆ. ರಸ್ತೆಗೆ ಸುರಿಯುವ ದುಡ್ಡು ಹಾಗಲ್ಲ.

ಸರಿ, ಕೂತು ಲೆಕ್ಕ ಹಾಕಿದೆವು. ನೀವೂ ಕಾಗದ, ಪೆನ್ನು ತಗೊಳ್ಳಿ. ಮಂಡ್ಯದಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್. ಹೋಗಿ ಬರಲು 200. ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತೆ, ಲೀಟರಿಗೆ 102 ರೂಪಾಯಿ ಅಂತ ಹಿಡಿಯಿರಿ. ದಿನಕ್ಕೆ 1,360 ರೂಪಾಯಿ ಪೆಟ್ರೋಲು. ಟೈರು, ಸರ್ವೀಸು, ಬ್ರೇಕು ಇವಕ್ಕೆಲ್ಲ ಕಿಲೋಮೀಟರಿಗೆ ಒಂದೇ ರೂಪಾಯಿ ಅಂದರೂ ಇನ್ನೊಂದು 200. ವಾರ್ಷಿಕ ಪಾಸಿನ ಲೆಕ್ಕದಲ್ಲಿ ಟೋಲ್ ಸೇರಿ 1,600 ಅನ್ನೋಣ. ತಿಂಗಳಿಗೆ 22 ದಿನ ಓಡಾಡಿದರೆ 35,200 ರೂಪಾಯಿ! ಉಳಿಸಲು ಹೊರಟಿದ್ದು ಇಪ್ಪತ್ತು ಸಾವಿರ.

ಟೋಲ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2025ರ ಆಗಸ್ಟ್ 15ರಂದು ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಬಂತು. ಆಗ ಅದಕ್ಕೆ 3,000 ರೂಪಾಯಿ. ವಾರ್ಷಿಕ ಅಂದ ಕೂಡಲೇ ವರ್ಷವಿಡೀ ನಿಶ್ಚಿಂತೆ ಅಂತ ತುಂಬಾ ಜನ ಅಂದುಕೊಂಡರು. ಆದರೆ ಒಂದು ವರ್ಷ ಇಲ್ಲವೇ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತೋ ಅದು. ಈ ದಾರಿಯಲ್ಲಿ ಒಂದು ಟೋಲ್ ದಾಟಿದರೆ ಒಂದು ಟ್ರಿಪ್. ಮೈಸೂರಿನವರು ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಒಂದು, ಬಿಡದಿ ದಾಟಿದ ಮೇಲೆ ಇನ್ನೊಂದು ಟೋಲ್ ದಾಟಬೇಕು. ಹೋಗಿ ಬಂದರೆ ನಾಲ್ಕು. ಐವತ್ತು ದಿನಕ್ಕೆ ಪಾಸ್ ಖಾಲಿ. ಮಂಡ್ಯದವರಿಗೆ ಗಣಂಗೂರು ಸಿಗುವುದಿಲ್ಲ, ಹಾಗಾಗಿ ನೂರು ದಿನ ಬರುತ್ತೆ. ಆದರೂ ಪಾಸ್ ಮಾಡಿಸಿ. ಒಂದು ದಾಟುವಿಕೆಗೆ ಸುಮಾರು ಹದಿನೈದು ರೂಪಾಯಿ ಬೀಳುತ್ತೆ, ಅದು ಲಾಭವೇ. ಜೇಬು ಖಾಲಿ ಮಾಡುತ್ತಿರುವುದು ಟೋಲ್ ಅಲ್ಲ, ಕಿಲೋಮೀಟರು.

ಈಗ ಅದೇ ಲೆಕ್ಕವನ್ನು ತಿರುಗಿಸಿ ಹಾಕಿ. ಉಳಿಯುವ ಬಾಡಿಗೆ 20,000. ಒಂದು ದಿನದ ಓಡಾಟಕ್ಕೆ 1,600. ಭಾಗಿಸಿದರೆ ಹನ್ನೆರಡೂವರೆ. ಅಂದರೆ ತಿಂಗಳಿಗೆ ಹನ್ನೆರಡು ದಿನ ಆಫೀಸಿಗೆ ಹೋಗುವವರಿಗೆ ಮಂಡ್ಯದ ಮನೆ ಸರಿಸಮ. ವಾರಕ್ಕೆ ಎರಡೇ ದಿನವಾದರೆ ಖಂಡಿತ ಲಾಭ. ಐದು ದಿನವಾದರೆ ನಷ್ಟ, ಅದರಲ್ಲಿ ಚರ್ಚೆಯೇ ಇಲ್ಲ. ಮೈಸೂರಿನಿಂದಾದರೆ ದೂರವೂ ಜಾಸ್ತಿ, ಬಾಡಿಗೆಯೂ ಮಂಡ್ಯಕ್ಕಿಂತ ಮೇಲೆ. ಅಲ್ಲಿ ಆರೇಳು ದಿನಕ್ಕೇ ಲೆಕ್ಕ ಸಮ ಆಗಿಬಿಡುತ್ತೆ.

ಆದ್ದರಿಂದ ಮನೆ ನೋಡುವ ಮುಂಚೆ ನಾನು ಕೇಳುವುದು ಬಾಡಿಗೆ ಎಷ್ಟು ಅಂತಲ್ಲ. ಆಫೀಸಿಗೆ ವಾರಕ್ಕೆ ಎಷ್ಟು ದಿನ ಅಂತ. ಎರಡು ದಿನ ಅಂದರೆ, ಅದು ಬರಹದಲ್ಲಿದೆಯಾ, ಇಲ್ಲ ಮ್ಯಾನೇಜರ್ ಬಾಯಿಮಾತಾ? ಇದು ತುಂಬಾ ಮುಖ್ಯ. ಮ್ಯಾನೇಜರ್ ಬದಲಾಗುತ್ತಾರೆ. ಎಲ್ಲರೂ ದಿನಾ ಬನ್ನಿ ಅಂತ ಒಂದು ಸೋಮವಾರ ಇಮೇಲ್ ಬರುತ್ತೆ. ಅಷ್ಟರಲ್ಲಿ ನೀವು ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿ, ಫೀಸೂ ಕಟ್ಟಿ ಆಗಿರುತ್ತೆ. ತಂಗಿ ಮಗನಿಗೆ ಆಗಿದ್ದೂ ಇದೇ.

ಎರಡನೇ ಪ್ರಶ್ನೆ, ಬೆಂಗಳೂರಿನಲ್ಲಿ ಎಲ್ಲಿ? ಕೆಂಗೇರಿಯವರೆಗೆ ಹೈವೇ ನಿಮ್ಮನ್ನು ತಲುಪಿಸುತ್ತೆ. ಅಲ್ಲಿಂದ ಮುಂದೆ ಆಟ ಬೇರೆ. ಕೆಂಗೇರಿ, ರಾಜರಾಜೇಶ್ವರಿ ನಗರದಲ್ಲಿ ಆಫೀಸಿದ್ದವರು ಪುಣ್ಯವಂತರು. ವೈಟ್‌ಫೀಲ್ಡ್ ಅಂದರೆ, ಮಂಡ್ಯದಿಂದ ಕೆಂಗೇರಿಗೆ ಹಿಡಿದಷ್ಟೇ ಹೊತ್ತು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಊರೊಳಗೇ ಹೋಗುತ್ತೆ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿ ಪಕ್ಕದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತಿದೆ. ಕಾರನ್ನು ಈ ತುದಿಯಲ್ಲೇ ಬಿಟ್ಟು ಮೆಟ್ರೋ ಹತ್ತುವವರು ಬುದ್ಧಿವಂತರು. ಕಾಲು ನೋಯುತ್ತೆ, ನಿಜ. ಕ್ಲಚ್ ತುಳಿದು ಮಂಡಿ ನೋಯುವುದಕ್ಕಿಂತ ವಾಸಿ.

ಎಲೆಕ್ಟ್ರಿಕ್ ಕಾರು ಇದ್ದರೆ? ಪೆಟ್ರೋಲಿನ ಲೆಕ್ಕ ಬಹಳ ಇಳಿಯುತ್ತೆ, ಒಪ್ಪುತ್ತೇನೆ. ಗಂಟೆಗಳು ಇಳಿಯುವುದಿಲ್ಲ. ದಿನಕ್ಕೆ ಐದು ಗಂಟೆ ಸ್ಟಿಯರಿಂಗ್ ಹಿಂದೆ ಕೂತರೆ 22 ದಿನಕ್ಕೆ 110 ಗಂಟೆ. ಅಷ್ಟು ಹೊತ್ತು ಮನೆಯಲ್ಲಿ ಯಾರು ನಿಭಾಯಿಸುತ್ತಾರೆ? ಹಾಲು, ಗ್ಯಾಸು, ಮಗುವಿನ ಜ್ವರ, ಅಪ್ಪನ ಬಿಪಿ ಮಾತ್ರೆ, ಎಲ್ಲ ಹೆಂಡತಿಯ ತಲೆ ಮೇಲೆ. ಆಕೆಗೂ ಕೆಲಸ ಇದ್ದರೆ ಕೇಳುವುದೇ ಬೇಡ. ಉಳಿತಾಯದ ಲೆಕ್ಕ ಹಾಕುವ ಗಂಡಸರು ಈ ಸಾಲನ್ನು ಬರೆಯುವುದೇ ಇಲ್ಲ, ಅಲ್ವಾ?

ನಿದ್ದೆಯ ಮಾತು. ಈ ರಸ್ತೆ ನೇರ, ನುಣುಪು. ಐದು ಗಂಟೆಗೆ ಎದ್ದವರಿಗೆ ರಾತ್ರಿ ವಾಪಸ್ ಬರುವಾಗ ಕಣ್ಣು ತೂಗುತ್ತೆ. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಇದೆ, ಕ್ಯಾಮೆರಾಗಳಿವೆ. ಆದರೆ ತೂಕಡಿಸುವವರನ್ನು ಕ್ಯಾಮೆರಾ ಎಬ್ಬಿಸುವುದಿಲ್ಲ.

ಹಾಗಾದರೆ ರೈಲು? ಮಂಡ್ಯ, ಮದ್ದೂರಿನ ಜನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಪಾಸ್ ಇಟ್ಟುಕೊಂಡು ಎಷ್ಟೋ ವರ್ಷಗಳಿಂದ ದಿನಾ ಹೋಗಿ ಬರುತ್ತಿದ್ದಾರೆ. ಸೆಕೆಂಡ್ ಕ್ಲಾಸಿನ ತಿಂಗಳ ಪಾಸಿಗೆ ನಿಮ್ಮ ಕಾರಿನ ಒಂದು ದಿನದ ಪೆಟ್ರೋಲಿನಷ್ಟೂ ಆಗುವುದಿಲ್ಲ. ರಶ್ ಇರುತ್ತೆ. ಆದರೆ ನಿದ್ದೆ ಮಾಡಿದರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ.

ಇಷ್ಟಾದರೂ ಕಾರಿನಲ್ಲೇ ಓಡಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನ ಮನೆ ಖಾಲಿ ಮಾಡುವ ಮುಂಚೆ, ಇಲ್ಲಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಒಂದು ವಾರ ಇದ್ದು ಓಡಾಡಿ ನೋಡಿ. ಸೋಮವಾರದ ಬೆಳಿಗ್ಗೆಯನ್ನು ತಪ್ಪಿಸಬೇಡಿ. ಶುಕ್ರವಾರ ಸಂಜೆಯನ್ನಂತೂ ಬಿಡಲೇಬೇಡಿ, ಆವತ್ತು ಇಡೀ ಬೆಂಗಳೂರು ಈ ಕಡೆಗೇ ಹೊರಟಿರುತ್ತೆ. ಪೆಟ್ರೋಲ್ ಹಾಕಿಸಿದಾಗ ಬಿಲ್ ನಂಬಬೇಡಿ, ಮೊತ್ತವನ್ನು ಆಗಲೇ ಡೈರಿಯಲ್ಲಿ ಬರೆದುಕೊಳ್ಳಿ. ಶನಿವಾರ ಗಂಡ ಹೆಂಡತಿ ಇಬ್ಬರೂ ಕೂತು ಡೈರಿ ನೋಡಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.

ನಮಸ್ಕಾರ.